ಫೈನಲ್ಲೇ ಇಲ್ಲದ ತ್ರಿಕೋನ ಸರಣಿ: ಗೆದ್ದವರಿಗೆ ಸಿಗುವುದೇನು?

ಓದುಗರ ಪ್ರಶ್ನೆ: ನೇಪಾಳ, ಒಮಾನ್, ನಮೀಬಿಯಾ ಥರದ ತಂಡಗಳು ಆಗಾಗ ತ್ರಿಕೋನ ಏಕದಿನ ಸರಣಿ ಆಡುತ್ತವೆ. ತಲಾ ನಾಲ್ಕು ಪಂದ್ಯ ಆಡಿ ವಾಪಸ್ ಹೋಗುತ್ತವೆ. ಫೈನಲ್ ಇಲ್ಲ, ಕಪ್ಪೂ ಇಲ್ಲ. ಹಾಗಾದರೆ ಈ ಸರಣಿ ಯಾತಕ್ಕೆ? ಗೆದ್ದರೆ ಸಿಗುವುದಾದರೂ ಏನು?

ಉತ್ತರ: ಸಿಗುವುದು ಪಾಯಿಂಟ್. ಗೆದ್ದರೆ ಎರಡು. ಟೈ ಆದರೆ ಅಥವಾ ಮಳೆಯಿಂದ ಪಂದ್ಯ ರದ್ದಾದರೆ ಒಂದು. ಕೇಳಲು ಸಪ್ಪೆ ಅನಿಸಬಹುದು. ಆದರೆ ಆ ಪಾಯಿಂಟ್‌ಗಳ ಮೇಲೆ ಒಂದು ದೇಶದ ಕ್ರಿಕೆಟ್ಟಿನ ಮುಂದಿನ ನಾಲ್ಕು ವರ್ಷ ನಿಂತಿರುತ್ತದೆ.

ನೀವು ನೋಡುವ ಆ ಸರಣಿ ಬಿಡಿಯಾಗಿ ನಡೆಯುವುದಲ್ಲ. ಅದು ಕ್ರಿಕೆಟ್ ವಿಶ್ವಕಪ್ ಲೀಗ್ 2 ಎಂಬ ದೊಡ್ಡ ಟೂರ್ನಿಯ ಒಂದು ತುಂಡು. ಈಗಿನ ಸುತ್ತು 2024ರ ಫೆಬ್ರವರಿಯಲ್ಲಿ ನೇಪಾಳದ ಕೀರ್ತಿಪುರದಲ್ಲಿ ಶುರುವಾಯಿತು. ಇದರಲ್ಲಿ ಎಂಟು ತಂಡಗಳಿವೆ: ಸ್ಕಾಟ್ಲೆಂಡ್, ನೆದರ್‌ಲೆಂಡ್ಸ್, ನೇಪಾಳ, ಒಮಾನ್, ನಮೀಬಿಯಾ, ಯುಎಇ, ಅಮೆರಿಕ ಮತ್ತು ಕೆನಡಾ. ಒಟ್ಟು 24 ತ್ರಿಕೋನ ಸರಣಿ, 144 ಪಂದ್ಯ. ಒಂದೊಂದು ತಂಡಕ್ಕೆ 36 ಪಂದ್ಯ ಬರುತ್ತದೆ. ಎಲ್ಲ ಸರಣಿಗಳ ಪಾಯಿಂಟ್ ಒಂದೇ ಪಟ್ಟಿಗೆ ಸೇರುತ್ತದೆ. ಹಾಗಾಗಿ ಒಂದು ಸರಣಿಗೆ ಪ್ರತ್ಯೇಕ ಫೈನಲ್ ಇಟ್ಟರೆ ಅದಕ್ಕೆ ಅರ್ಥವೇ ಇರುವುದಿಲ್ಲ.

ಮೂರು ತಂಡಗಳೇ ಯಾಕೆ? ಖರ್ಚು ಮತ್ತು ಸಮಯ. ಒಂದು ತಂಡ ಆತಿಥ್ಯ ವಹಿಸುತ್ತದೆ, ಎರಡು ತಂಡಗಳು ಬರುತ್ತವೆ, ಪ್ರತಿಯೊಬ್ಬರೂ ಉಳಿದಿಬ್ಬರ ಜೊತೆ ಎರಡೆರಡು ಸಲ ಆಡುತ್ತಾರೆ. ಒಂದೇ ದೇಶದಲ್ಲಿ ಆರು ಪಂದ್ಯ ಮುಗಿಯುತ್ತದೆ. ಪ್ರತಿ ದೇಶಕ್ಕೂ ಮೂರು ಸರಣಿ ನಡೆಸುವ ಅವಕಾಶ, ಆರು ಸಲ ಹೊರಗೆ ಹೋಗಬೇಕು. ಟಿವಿ ಹಕ್ಕಿನ ದೊಡ್ಡ ಹಣವಿಲ್ಲದ ಮಂಡಳಿಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಕಾಣುವುದಿಲ್ಲ.

ಇನ್ನು ಪಾಯಿಂಟ್ ಎಲ್ಲಿಗೆ ಕರೆದೊಯ್ಯುತ್ತದೆ ಅಂತ ನೋಡೋಣ. 2027ರ ಏಕದಿನ ವಿಶ್ವಕಪ್ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ ಮತ್ತು ನಮೀಬಿಯಾದಲ್ಲಿ ನಡೆಯಲಿದೆ. ತಂಡಗಳು 14. ದಕ್ಷಿಣ ಆಫ್ರಿಕಾ ಮತ್ತು ಜಿಂಬಾಬ್ವೆಗೆ ನೇರ ಪ್ರವೇಶ. ಉಳಿದವರಲ್ಲಿ ರ‍್ಯಾಂಕಿಂಗ್‌ನ ಮೊದಲ ಎಂಟು ತಂಡಗಳಿಗೂ ನೇರ ಪ್ರವೇಶ. ಅಲ್ಲಿಗೆ ಹತ್ತು ಆಯಿತು. ಬಾಕಿ ನಾಲ್ಕು ಜಾಗಕ್ಕೆ ಹತ್ತು ತಂಡಗಳ ಅರ್ಹತಾ ಟೂರ್ನಿ ಇದೆ. ಲೀಗ್ 2ರಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರು ಸೀದಾ ಅಲ್ಲಿಗೆ ಹೋಗುತ್ತಾರೆ. ಕೊನೆಯ ನಾಲ್ವರು ಮೊದಲು ಪ್ಲೇ-ಆಫ್ ಆಡಬೇಕು. ಅಲ್ಲಿ ಕೆಳಗಿನ ಹಂತದಿಂದ ಹತ್ತಿ ಬರುವ ತಂಡಗಳೂ ಕಾದಿರುತ್ತವೆ.

ಇದರ ಬಿಸಿ ಅರ್ಥವಾಗಬೇಕಾದರೆ ಹಿಂದಿನ ಸುತ್ತಿನ ಕೊನೆಯನ್ನು ನೆನೆಯಬೇಕು. 2019ರಿಂದ 2023ರವರೆಗೆ ನಡೆದ ಆ ಸುತ್ತಿನಲ್ಲಿ ಏಳು ತಂಡಗಳಿದ್ದವು. ಮೊದಲ ಮೂವರಿಗೆ ಮಾತ್ರ ಅರ್ಹತಾ ಟೂರ್ನಿಗೆ ನೇರ ದಾರಿ. ಸ್ಕಾಟ್ಲೆಂಡ್ ಮತ್ತು ಒಮಾನ್ ದಾಟಿಬಿಟ್ಟವು. ಉಳಿದದ್ದು ಒಂದೇ ಜಾಗ. ನೇಪಾಳಕ್ಕೆ 12 ಪಂದ್ಯ ಬಾಕಿ ಇತ್ತು. ಆವರೆಗಿನ 24ರಲ್ಲಿ ಗೆದ್ದಿದ್ದು ಎಂಟೇ. ಹೆಚ್ಚುಕಡಿಮೆ ಎಲ್ಲವನ್ನೂ ಗೆಲ್ಲಬೇಕಿತ್ತು. ಫೆಬ್ರವರಿ, ಮಾರ್ಚ್ ಎರಡೇ ತಿಂಗಳಲ್ಲಿ ರೋಹಿತ್ ಪೌಡೇಲ್ ನಾಯಕತ್ವದ ತಂಡ ಹನ್ನೊಂದನ್ನು ಗೆದ್ದಿತು.

ಕೊನೆಯ ಪಂದ್ಯ 2023ರ ಮಾರ್ಚ್ 16ರಂದು ಕೀರ್ತಿಪುರದಲ್ಲಿ, ಯುಎಇ ಎದುರು. ಯುಎಇಯ ಆಸಿಫ್ ಖಾನ್ 41 ಎಸೆತಗಳಲ್ಲಿ ಶತಕ ಹೊಡೆದರು. ತಂಡದ ಮೊತ್ತ 310. ಸುತ್ತ ಕಿಕ್ಕಿರಿದ ಜನ. ನೇಪಾಳ 44 ಓವರ್‌ಗಳಲ್ಲಿ 6 ವಿಕೆಟ್‌ಗೆ 269 ರನ್ ಮಾಡಿದ್ದಾಗ ಬೆಳಕು ಹೋಯಿತು. ಮೈದಾನದಲ್ಲಿ ಆಗ ದೀಪದ ವ್ಯವಸ್ಥೆ ಇರಲಿಲ್ಲ. ಪಂದ್ಯ ಅರ್ಧಕ್ಕೆ ನಿಂತಾಗ ಬಳಸುವ ಡಕ್ವರ್ತ್ ಲೂಯಿಸ್ ಲೆಕ್ಕದಲ್ಲಿ ನೇಪಾಳ 9 ರನ್ ಮುಂದಿತ್ತು, ಪಂದ್ಯ ಅದರದ್ದಾಯಿತು.

ಅಂದು ಅತಿ ಹೆಚ್ಚು ಕಳೆದುಕೊಂಡದ್ದು ಆ ಮೈದಾನದಲ್ಲೇ ಇಲ್ಲದ ತಂಡ. ನಮೀಬಿಯಾ ತನ್ನ 36 ಪಂದ್ಯ ಮುಗಿಸಿ ಕೂತಿತ್ತು. ಅವರೂ 19 ಪಂದ್ಯ ಗೆದ್ದಿದ್ದರು, ನೇಪಾಳವೂ 19. ಆದರೆ ಟೈ ಆದ ಅಥವಾ ಫಲಿತಾಂಶ ಬಾರದ ಪಂದ್ಯಗಳಿಂದ ನೇಪಾಳಕ್ಕೆ ಎರಡು ಪಾಯಿಂಟ್ ಸಿಕ್ಕಿತ್ತು, ನಮೀಬಿಯಾಕ್ಕೆ ಒಂದು. ಹಾಗಾಗಿ ನೇಪಾಳಕ್ಕೆ 40 ಪಾಯಿಂಟ್, ನಮೀಬಿಯಾಕ್ಕೆ 39. ಸುಮಾರು ಮೂರೂವರೆ ವರ್ಷ ಆಡಿದ ಮೇಲೆ ಉಳಿದ ವ್ಯತ್ಯಾಸ ಒಂದೇ ಒಂದು ಪಾಯಿಂಟ್! ಅದೂ ಗೆಲ್ಲದೇ ಹೋದ ಪಂದ್ಯದಿಂದ ಬಂದದ್ದು. ನಮೀಬಿಯಾ ಪ್ಲೇ-ಆಫ್‌ಗೆ ಇಳಿಯಿತು. ತನ್ನದೇ ನೆಲದಲ್ಲಿ ನಡೆದ ಆ ಟೂರ್ನಿಯಲ್ಲಿ ಅಮೆರಿಕ ಮತ್ತು ಯುಎಇ ಮುಂದೆ ಹೋದವು. ನಮೀಬಿಯಾದ ವಿಶ್ವಕಪ್ ಕನಸು ಅಲ್ಲಿಗೇ ಮುಗಿಯಿತು. ಯಾವುದೋ ಸರಣಿಯ ಯಾವುದೋ ಮೂರನೇ ಪಂದ್ಯ ಅಂತ ನಾವು ಸ್ಕೋರನ್ನೂ ನೋಡದೆ ಬಿಡುತ್ತೇವೆ ಅಲ್ವಾ? ಪಟ್ಟಿಯಲ್ಲಿ ಅದರ ತೂಕವೂ ಕೊನೆಯ ಪಂದ್ಯದಷ್ಟೇ.

ವಿಶ್ವಕಪ್ ದಾರಿಯ ಜೊತೆಗೆ ಪಣಕ್ಕಿರುವ ಇನ್ನೊಂದು ಸಂಗತಿ ಏಕದಿನ ಮಾನ್ಯತೆ. ನನ್ನ ಪ್ರಕಾರ ಇದೇ ದೊಡ್ಡದು. ಟಿ20ಯಲ್ಲಿ 2019ರ ಜನವರಿಯಿಂದ ಐಸಿಸಿಯ ಯಾವ ಎರಡು ಸದಸ್ಯ ದೇಶಗಳ ಪುರುಷರ ತಂಡಗಳು ಆಡಿದರೂ ಅದು ಅಂತಾರಾಷ್ಟ್ರೀಯ ಪಂದ್ಯ. 50 ಓವರ್‌ಗಳಲ್ಲಿ ಹಾಗಿಲ್ಲ. 12 ಪೂರ್ಣ ಸದಸ್ಯರು (ಟೆಸ್ಟ್ ಆಡುವ ದೇಶಗಳು), ಮೇಲೆ ಹೇಳಿದ ಎಂಟು ಅಸೋಸಿಯೇಟ್ (ಪೂರ್ಣ ಸದಸ್ಯತ್ವವಿಲ್ಲದ) ತಂಡಗಳು, ಒಟ್ಟು ಇಪ್ಪತ್ತು ತಂಡಗಳಿಗೆ ಮಾತ್ರ ಈ ಮಾನ್ಯತೆ. ಎಂಟರ ಜಾಗ ಶಾಶ್ವತವೂ ಅಲ್ಲ. 2023ರ ಪ್ಲೇ-ಆಫ್‌ನಲ್ಲಿ ಸೋತ ಪಪುವಾ ನ್ಯೂಗಿನಿ ಅದನ್ನು ಕಳೆದುಕೊಂಡಿತು, ಕೆನಡಾ ಪಡೆದುಕೊಂಡಿತು.

ಕಳೆದುಕೊಂಡರೆ ಏನಾಗುತ್ತದೆ? ಕೀನ್ಯಾವನ್ನು ನೋಡಿ. 2003ರ ವಿಶ್ವಕಪ್‌ನಲ್ಲಿ ಸೆಮಿಫೈನಲ್ ತಲುಪಿ, ಡರ್ಬನ್‌ನಲ್ಲಿ ಸೌರವ್ ಗಂಗೂಲಿಯ ಭಾರತದ ಎದುರು ಆಡಿದ ತಂಡ ಅದು. 2014ರಲ್ಲಿ ಏಕದಿನ ಮಾನ್ಯತೆ ಹೋಯಿತು. ಈಗ ಲೀಗ್ 2ಕ್ಕಿಂತ ಕೆಳಗಿನ ಚಾಲೆಂಜ್ ಲೀಗ್‌ನಲ್ಲಿದೆ. ಅಲ್ಲಿ ಕೀನ್ಯಾದ ಹುಡುಗನೊಬ್ಬ ಶತಕ ಹೊಡೆದರೆ ಅದು ಏಕದಿನ ಶತಕ ಅಂತ ದಾಖಲೆಗೆ ಸೇರುವುದಿಲ್ಲ.

ಮೇಲಕ್ಕೆ ಹೋದವರೂ ಇದ್ದಾರೆ. ಅಫ್ಗಾನಿಸ್ತಾನ 2008ರಲ್ಲಿ ಜರ್ಸಿ ದ್ವೀಪದಲ್ಲಿ ಆಗಿನ ವಿಶ್ವ ಕ್ರಿಕೆಟ್ ಲೀಗಿನ ಐದನೇ ಡಿವಿಷನ್ ಆಡುತ್ತಿತ್ತು. 2023ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್, ಪಾಕಿಸ್ತಾನ, ಶ್ರೀಲಂಕಾ ಮೂವರನ್ನೂ ಸೋಲಿಸಿತು. ಐರ್ಲೆಂಡ್ ಕಥೆ ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಚಿನ್ನಸ್ವಾಮಿ ಮೈದಾನದಲ್ಲಿ ಕೆವಿನ್ ಓಬ್ರಿಯನ್ 50 ಎಸೆತಗಳಲ್ಲಿ ಶತಕ ಹೊಡೆದು ಇಂಗ್ಲೆಂಡಿನ 327 ರನ್ ದಾಟಿಸಿದ್ದು ತುಂಬ ಜನರಿಗೆ ಇನ್ನೂ ನೆನಪಿದೆ.

ಆಟದ ಮಟ್ಟ ಹೇಗಿದೆ ಅಂತ ಕೇಳುವವರೂ ಇದ್ದಾರೆ. ಏರುಪೇರು ಇರುವುದು ನಿಜ. 2020ರ ಫೆಬ್ರವರಿಯಲ್ಲಿ ಕೀರ್ತಿಪುರದಲ್ಲಿ ಅಮೆರಿಕ 35 ರನ್‌ಗೆ ಆಲೌಟ್ ಆಯಿತು. ಏಕದಿನ ಕ್ರಿಕೆಟ್ಟಿನ ಅತಿ ಕಡಿಮೆ ಮೊತ್ತ ಅದು, ಜಿಂಬಾಬ್ವೆಯ ಹಳೆಯ ದಾಖಲೆಗೆ ಸಮ. ಆದರೆ ಅಲ್ಲಿಗೇ ನೋಡುವುದನ್ನು ನಿಲ್ಲಿಸಿದರೆ ಅನ್ಯಾಯ. ಅದೇ ಅಮೆರಿಕ 2024ರ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಮಣಿಸಿತು. 2025ರ ಫೆಬ್ರವರಿ 18ರಂದು ಒಮಾನಿನ ಅಲ್ ಅಮೆರಾತ್‌ನಲ್ಲಿ ಇದೇ ಲೀಗ್ 2ರ ಪಂದ್ಯದಲ್ಲಿ 122 ರನ್ ಮಾಡಿ, ಒಮಾನನ್ನು 65ಕ್ಕೆ ಉರುಳಿಸಿತು. ಓವರ್ ಕಡಿತವಾಗದ ಏಕದಿನ ಪಂದ್ಯದಲ್ಲಿ ಇಷ್ಟು ಕಡಿಮೆ ರನ್ ಕಾಪಾಡಿಕೊಂಡು ಅದಕ್ಕೆ ಮೊದಲು ಯಾರೂ ಗೆದ್ದಿರಲಿಲ್ಲ. 1985ರಲ್ಲಿ ಶಾರ್ಜಾದಲ್ಲಿ ಪಾಕಿಸ್ತಾನದ ಎದುರು 125 ರನ್ ಉಳಿಸಿಕೊಂಡ ಭಾರತದ ಹೆಸರಲ್ಲಿ ಆ ದಾಖಲೆ ಇತ್ತು. ಅಲ್ ಅಮೆರಾತ್‌ನಲ್ಲಿ ಎರಡೂ ಕಡೆ ವೇಗದ ಬೌಲರ್‌ಗಳು ಒಂದು ಎಸೆತವನ್ನೂ ಹಾಕಲಿಲ್ಲ, ಪೂರ್ತಿ ಸ್ಪಿನ್. ಎಡಗೈ ಸ್ಪಿನ್ನರ್ ನೊಸ್ತುಷ್ ಕೆಂಜಿಗೆ 11 ರನ್ ಕೊಟ್ಟು 5 ವಿಕೆಟ್ ಕಿತ್ತರು.

ಈ ವ್ಯವಸ್ಥೆಯಲ್ಲಿ ನನಗೆ ಬೇಸರ ತರಿಸುವುದು ಒಂದಿದೆ. ಈ ಎಂಟು ತಂಡಗಳು ತಮ್ಮ ತಮ್ಮಲ್ಲೇ ಆಡುತ್ತವೆ, ದೊಡ್ಡ ತಂಡಗಳ ಜೊತೆ ಏಕದಿನ ಪಂದ್ಯ ಸಿಗುವುದು ಅಪರೂಪ. 2020ರಿಂದ 2023ರವರೆಗೆ ವಿಶ್ವಕಪ್ ಸೂಪರ್ ಲೀಗ್ ಅಂತ ಇತ್ತು. ನೆದರ್‌ಲೆಂಡ್ಸ್‌ಗೆ ಅದರಲ್ಲಿ ಜಾಗ ಸಿಕ್ಕಿತ್ತು, 12 ಪೂರ್ಣ ಸದಸ್ಯರ ನಡುವೆ ಇದ್ದ ಒಂದೇ ಅಸೋಸಿಯೇಟ್ ತಂಡ. ಹೆಚ್ಚು ಗೆಲ್ಲಲಿಲ್ಲ, ಆದರೆ ಆಡುತ್ತಾ ಹೋಯಿತು. 2023ರ ಅರ್ಹತಾ ಟೂರ್ನಿಯಲ್ಲಿ ವಿಶ್ವಕಪ್ ಟಿಕೆಟ್ ಪಡೆದು, ಧರ್ಮಶಾಲಾದಲ್ಲಿ ದಕ್ಷಿಣ ಆಫ್ರಿಕಾವನ್ನು 38 ರನ್‌ಗಳಿಂದ ಸೋಲಿಸಿತು. ಮುಂದಿನ ಸುತ್ತಿಗೆ ಸೂಪರ್ ಲೀಗನ್ನೇ ಕೈಬಿಟ್ಟರು. ಒಂದು ತಂಡಕ್ಕಾದರೂ ತೆರೆದಿದ್ದ ಬಾಗಿಲನ್ನು ಮುಚ್ಚಿದ್ದು ತಪ್ಪು ಎಂದೇ ನನ್ನ ಅನಿಸಿಕೆ. ಲೀಗ್ 2ರ ಅಗ್ರ ತಂಡಕ್ಕೆ ವರ್ಷಕ್ಕೆ ಒಂದು ದೊಡ್ಡ ಸರಣಿ ಕೊಟ್ಟರೂ ಸಾಕಷ್ಟು ಬದಲಾಗುತ್ತದೆ.

ಕೊನೆಗೆ ಮತ್ತೆ ನಮೀಬಿಯಾ. 2027ರ ಆತಿಥೇಯರಲ್ಲಿ ಒಬ್ಬರಾದರೂ ಅವರಿಗೆ ನೇರ ಪ್ರವೇಶವಿಲ್ಲ, ಯಾಕೆಂದರೆ ಆ ದೇಶ ಐಸಿಸಿಯ ಪೂರ್ಣ ಸದಸ್ಯ ಅಲ್ಲ. ತನ್ನ ಊರಲ್ಲೇ ನಡೆಯುವ ವಿಶ್ವಕಪ್‌ನಲ್ಲಿ ಆಡಬೇಕಾದರೂ ಈ ಲೀಗ್ 2ರ ಪಟ್ಟಿಯಿಂದಲೇ ಬರಬೇಕು. ಹಾಗಾಗಿ ಮುಂದಿನ ಸಲ ಇಂಥ ಸರಣಿಯ ಸ್ಕೋರ್ ಕಂಡಾಗ ಜೊತೆಗೆ ಪಾಯಿಂಟ್ ಪಟ್ಟಿಯನ್ನೂ ತೆರೆಯಿರಿ. ನಾಲ್ಕನೇ ಮತ್ತು ಐದನೇ ಸ್ಥಾನದ ನಡುವೆ ಎಷ್ಟು ಅಂತರ ಇದೆ, ಆ ಎರಡು ತಂಡಗಳಿಗೆ ಎಷ್ಟೆಷ್ಟು ಪಂದ್ಯ ಬಾಕಿ ಇದೆ ಅಂತ ನೋಡಿ. ಈ ಟೂರ್ನಿಯ ಫೈನಲ್ ನಡೆಯುತ್ತಿರುವುದು ಅಲ್ಲೇ.