ಗ್ರೂಪ್ ಫೇಡರ್ ಇಳಿಸಿದರೂ ರಿವರ್ಬ್ ಯಾಕೆ ಉಳಿಯುತ್ತದೆ?

ಮಿಕ್ಸಿಂಗ್ ಕಲಿಯುತ್ತಿರುವವರ ಸೆಷನ್ ತೆರೆದರೆ ಬಸ್‌ಗಳು (ಹಲವು ಟ್ರ್ಯಾಕುಗಳ ಸದ್ದನ್ನು ಒಂದಾಗಿ ಸೇರಿಸುವ ಗ್ರೂಪ್‌ಗಳು) ಹೆಚ್ಚಾಗಿ ವಾದ್ಯದ ಜಾತಿ ನೋಡಿ ಮಾಡಿದಂತಿರುತ್ತವೆ: ತಾಳವಾದ್ಯಕ್ಕೊಂದು, ತಂತಿವಾದ್ಯಕ್ಕೊಂದು, ಗಾಯನಕ್ಕೊಂದು. ತಪ್ಪೇನಿಲ್ಲ. ಆದರೆ ನಾನು ಮೊದಲು ಕೇಳಿಕೊಳ್ಳುವುದು, ಈ ಹಾಡಿನಲ್ಲಿ ಯಾವುವು ಒಟ್ಟಿಗೆ ಏರಿಳಿಯಬೇಕು ಎಂದು.

ಭಾವಗೀತೆಯೊಂದನ್ನು ತೆಗೆದುಕೊಳ್ಳಿ. ಪಲ್ಲವಿ ಮುಗಿದು ಚರಣ ಬರುವ ಮುನ್ನ ಕೊಳಲೇ ಕಥಾನಾಯಕ. ಚರಣ ಶುರುವಾದ ಮೇಲೆ ಅದೇ ಕೊಳಲು ಸಾಲುಗಳ ನಡುವಿನ ಬಿಡುವಿನಲ್ಲಿ ಮಾತ್ರ ಇಣುಕಬೇಕು. ಹಾಗಾಗಿ ಕೊಳಲಿನ ಟ್ರ್ಯಾಕನ್ನು ಎರಡಾಗಿ ಕತ್ತರಿಸುತ್ತೇನೆ. ಸೋಲೋ ಭಾಗ ಒಂದು ಬಸ್‌ಗೆ ಹೋಗುತ್ತದೆ. ಫಿಲ್ಲರ್‌ಗಳು ಪಿಟೀಲು, ಕೀಬೋರ್ಡ್ ಜೊತೆ ಇನ್ನೊಂದಕ್ಕೆ. ಗಾಯನಕ್ಕೆ ಜಾಗ ಬೇಕೆಂದರೆ ಆ ಎರಡನೇ ಬಸ್ಸಿನ ಫೇಡರ್ (ಸದ್ದಿನ ಮಟ್ಟ ಏರಿಳಿಸುವ ಜಾರುಗುಂಡಿ) ಒಂದನ್ನೇ ಅರ್ಧ ಡೆಸಿಬಲ್ ಇಳಿಸಿದರಾಯಿತು.

ತಾಳವಾದ್ಯದ ಬಸ್‌ನಲ್ಲಿ ಕಂಪ್ರೆಸರ್ (ಮಿತಿ ಮೀರಿದ ಜೋರು ಸದ್ದನ್ನು ತಗ್ಗಿಸುವ ಸಾಧನ) ಹಾಕುವುದು ತಬಲಾ, ಢೋಲಕ್, ತಾಳ ಮೂರೂ ಒಂದೇ ಕೋಣೆಯಲ್ಲಿ ನುಡಿದಂತೆ ಕೇಳಲಿ ಎಂದು. ಅನುಪಾತ 2:1 (ಮಿತಿ ಮೀರಿದ 2 ಡೆಸಿಬಲ್ 1 ಆಗುತ್ತದೆ), ಅಟ್ಯಾಕ್ (ತಗ್ಗಿಸಲು ಅದು ತೆಗೆದುಕೊಳ್ಳುವ ಸಮಯ) 30 ಮಿಲಿಸೆಕೆಂಡ್, ಎಷ್ಟು ತಗ್ಗಿತೆಂದು ತೋರಿಸುವ ಮೀಟರ್ ಒಂದೆರಡು ಡೆಸಿಬಲ್ ಅಲುಗಿದರೆ ಸಾಕು. ಅಟ್ಯಾಕ್ ತೀರಾ ಚುರುಕಾದರೆ ತಬಲಾದ 'ನಾ' ಅಕ್ಷರದ ಮೊನೆಯೇ ಹೋಗುತ್ತದೆ. ಇನ್ನೊಂದು ತೊಂದರೆ ಡಗ್ಗದ್ದು, ಅಂದರೆ ತಬಲಾ ಜೋಡಿಯ ದಪ್ಪ ದನಿಯ ವಾದ್ಯದ್ದು. ವಾದಕರು ಅಂಗೈ ಒತ್ತಿ ಜಾರಿಸಿದಾಗ ಬರುವ ಕೆಳಸ್ಥಾಯಿಯ ಶಕ್ತಿ ಕಂಪ್ರೆಸರನ್ನು ಎಳೆಯುತ್ತದೆ. ಆಗ ಇಡೀ ಬಸ್ ಕುಗ್ಗುತ್ತದೆ, ಪಕ್ಕದ ತಾಳದ ಕಿಂಕಿಣಿಯೂ. ಡಗ್ಗ ಬಾರಿಸಿದಾಗೆಲ್ಲ ತಾಳ ಮುಳುಗೇಳುತ್ತಿದ್ದರೆ ಕಂಪ್ರೆಸರಿನ ಸೈಡ್‌ಚೈನ್‌ನಲ್ಲಿ (ಎಷ್ಟು ಒತ್ತಬೇಕೆಂದು ಅದು ಕೇಳಿ ನಿರ್ಧರಿಸುವ ದಾರಿಯಲ್ಲಿ) 100 ಹರ್ಟ್ಝ್ ಆಸುಪಾಸಿನ ಹೈಪಾಸ್ ಫಿಲ್ಟರ್ (ಅದಕ್ಕಿಂತ ಕೆಳಗಿನ ದನಿಯನ್ನು ತಡೆಯುವಂಥದ್ದು) ಹಾಕಿ. ಡಗ್ಗದ ಗುಂಯ್ ದನಿ ಹಾಗೇ ಉಳಿಯುತ್ತದೆ, ಕಂಪ್ರೆಸರ್ ಮಾತ್ರ ಅದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ.

ಈಗ ಶೀರ್ಷಿಕೆಯ ಪ್ರಶ್ನೆ. ಪ್ರತಿ ಟ್ರ್ಯಾಕಿನಿಂದ ರಿವರ್ಬ್‌ಗೆ (ಕೋಣೆಯ ಅನುರಣನ ಕೊಡುವ ಎಫೆಕ್ಟ್‌ಗೆ) ಸೆಂಡ್, ಅಂದರೆ ಸದ್ದಿನ ಒಂದು ಪ್ರತಿ, ಕೊಟ್ಟಿರುತ್ತೀರಿ. ಆ ಸೆಂಡ್ ಸಾಮಾನ್ಯವಾಗಿ ಟ್ರ್ಯಾಕಿನ ಫೇಡರ್ ಮಾತು ಕೇಳುತ್ತದೆ, ಬಸ್ಸಿನದ್ದನ್ನಲ್ಲ. ರಿವರ್ಬ್ ನೇರವಾಗಿ ಮಾಸ್ಟರ್‌ಗೆ (ಇಡೀ ಮಿಕ್ಸ್ ಸೇರುವ ಕೊನೆಯ ಹಂತಕ್ಕೆ) ಹೋಗುತ್ತಿದ್ದರೆ, ಕೋರಸ್ ಬಸ್ಸನ್ನು 6 ಡೆಸಿಬಲ್ ಇಳಿಸಿದಾಗ ಕಂಠ ಇಳಿಯುತ್ತದೆ, ಅದರ ಗುಂಗು ಇಳಿಯುವುದಿಲ್ಲ. ಕೋರಸ್ ಮೆಲ್ಲಗಾಗುವ ಬದಲು ದೂರ ಹೋಗಿ ನಿಂತಂತೆ ಕೇಳುತ್ತದೆ. ಪರಿಹಾರ ಎರಡಿವೆ. ರಿವರ್ಬ್ ರಿಟರ್ನನ್ನೂ (ರಿವರ್ಬ್‌ನಿಂದ ಹೊರಬರುವ ಸದ್ದನ್ನೂ) ಅದೇ ಬಸ್ಸಿಗೆ ತನ್ನಿ. ಇಲ್ಲವೇ ವಿಸಿಎ ಫೇಡರ್ ಬಳಸಿ. ವಿಸಿಎಯಲ್ಲಿ ಆಡಿಯೊ ಹರಿಯುವುದಿಲ್ಲ, ಅದು ಟ್ರ್ಯಾಕುಗಳ ಫೇಡರ್‌ಗಳನ್ನೇ ಒಟ್ಟಿಗೆ ಆಳುತ್ತದೆ, ಸೆಂಡ್‌ಗಳೂ ಜೊತೆಗೇ ಇಳಿಯುತ್ತವೆ. ಆದರೆ ಬಸ್ಸಿನ ಮೇಲೆ ಕಂಪ್ರೆಸರ್ ಇದ್ದರೆ ವಿಸಿಎ ಇಳಿಸಿದಾಗ ಅದಕ್ಕೆ ಬೀಳುವ ಸಿಗ್ನಲ್ಲೂ ಕಡಿಮೆಯಾಗಿ ನಾದದ ಸ್ವಭಾವವೇ ಬದಲಾಗುತ್ತದೆ. ಅದಕ್ಕೇ ಕಂಪ್ರೆಸರ್ ಇರುವ ಬಸ್‌ಗಳಲ್ಲಿ ನಾನು ಮೊದಲ ದಾರಿಯನ್ನೇ ಹಿಡಿಯುತ್ತೇನೆ.

ಇದರ ಬೆಲೆ ತಿಳಿಯುವುದು ಯಾರಾದರೂ ಕರೋಕೆ ಟ್ರ್ಯಾಕ್ ಬೇಕೆಂದು ಕೇಳಿದಾಗ. ಗಾಯನದ ಬಸ್ ಮ್ಯೂಟ್ ಮಾಡಿದರೂ ರಿವರ್ಬ್ ಬೇರೆ ದಾರಿಯಲ್ಲಿದ್ದರೆ ಗಾಯಕಿಯ ನೆರಳು ಹಾಡಿನುದ್ದಕ್ಕೂ ಕೇಳುತ್ತಿರುತ್ತದೆ. ರಿಟರ್ನ್ ಬಸ್ಸಿನೊಳಗಿದ್ದರೆ ಒಂದೇ ಗುಂಡಿಗೆ ಎರಡೂ ಮೌನ. ಮಾಸ್ಟರ್ ಮೇಲೆ ಕಂಪ್ರೆಸರ್ ಇಟ್ಟಿದ್ದರೆ ಇನ್ನೊಂದು ಕೆಲಸ ಬಾಕಿ: ದನಿ ಇಲ್ಲದಾಗ ಅದು ಕಡಿಮೆ ಒತ್ತುತ್ತದೆ, ವಾದ್ಯಗಳು ಮುನ್ನುಗ್ಗುತ್ತವೆ. ಆಗ ಅದರ ಸೈಡ್‌ಚೈನ್‌ಗೆ ಗಾಯನ ಸಹಿತವಾದ ಪೂರ್ಣ ಮಿಕ್ಸ್ ಉಣಿಸಿ ಕರೋಕೆ ಬೌನ್ಸ್ ಮಾಡಿ (ಫೈಲ್ ಆಗಿ ಹೊರತೆಗೆಯಿರಿ).