ಚೀನಾದ ವರ್ತಕರ ಸಂಘಗಳು ಯಾರ ಕಡೆ?

ಚೀನಾದ ವರ್ತಕರ ಸಂಘ ಅಂದ ಕೂಡಲೇ ಎರಡು ಮಾತು ಕೇಳಿಬರುತ್ತವೆ. ಅದು ಸರ್ಕಾರದ್ದೇ ಇನ್ನೊಂದು ಕಚೇರಿ ಅಂತ ಕೆಲವರು, ವ್ಯಾಪಾರಿಗಳ ಸ್ವಂತ ಸಂಘ ಅಂತ ಇನ್ನು ಕೆಲವರು. ಹಳೇ ಕತೆ ನೋಡಿದರೆ ಇಬ್ಬರ ಮಾತೂ ಅರ್ಧ ಸರಿ.

ಮಿಂಗ್, ಚಿಂಗ್ ದೊರೆಗಳ ಕಾಲದಲ್ಲಿ ದೂರದ ಪಟ್ಟಣಕ್ಕೆ ವ್ಯಾಪಾರಕ್ಕೆ ಹೋದವರು ತಮ್ಮ ಸೀಮೆಯವರಿಗೆ ಅಂತ ಹುಯಿಗ್ವಾನ್ ಕಟ್ಟಿಕೊಳ್ಳುತ್ತಿದ್ದರು. ನಮ್ಮ ಛತ್ರದ ಥರ ಅನ್ನಿ. ಪೂಜೆ, ವಸತಿ, ಜಗಳ ಬಿಡಿಸುವುದು, ಸತ್ತವರನ್ನು ಊರಿಗೆ ಕಳಿಸುವುದು ಎಲ್ಲ ಅಲ್ಲೇ. ಅಧಿಕಾರಿಗಳು ಅದರಲ್ಲಿ ಜಾಸ್ತಿ ತಲೆ ಹಾಕುತ್ತಿರಲಿಲ್ಲ. ದಕ್ಷಿಣದ ಬಂದರು ಕ್ಯಾಂಟನ್ನಿನಲ್ಲಿ (ಈಗಿನ ಗ್ವಾಂಗ್‌ಝೌ) ಮಾತ್ರ ಬೇರೆ ಲೆಕ್ಕ. ಅಲ್ಲಿ 1842ರವರೆಗೆ ಪಾಶ್ಚಾತ್ಯರ ಜೊತೆ ದೊಡ್ಡ ವ್ಯಾಪಾರ ಮಾಡುವ ಹಕ್ಕು ಸರ್ಕಾರ ಒಪ್ಪಿದ ಕೆಲವೇ ಸಾಹುಕಾರರಿಗಿತ್ತು. ಅವರಲ್ಲಿ ಒಬ್ಬ ದಿವಾಳಿಯಾದರೆ ಪರದೇಶಿಗಳ ಸಾಲ ತೀರಿಸುವ ಹೊಣೆ ಉಳಿದವರ ತಲೆಗೆ ಬರುತ್ತಿತ್ತು.

ಈಗಿನ ರೀತಿಯ ಸಂಘ ಬಂದಿದ್ದು ಬೀಜಿಂಗ್ ಖಜಾನೆ ಬರಿದಾದ ಮೇಲೆ. ಯುದ್ಧದಲ್ಲಿ ಸೋತು, ದಂಡ ಕಟ್ಟುತ್ತಿದ್ದ ಚಿಂಗ್ ಸರ್ಕಾರ 1903ರಲ್ಲಿ ವಾಣಿಜ್ಯ ಇಲಾಖೆ ತೆರೆಯಿತು. ಮರುವರ್ಷ, ಎಲ್ಲ ಕಡೆ ವರ್ತಕರ ಸಂಘ ಮಾಡಿ ಅಂತ ನಿಯಮ ಹೊರಡಿಸಿತು. ಶಾಂಘೈಯಲ್ಲಿ 1902ರಿಂದ ಇದ್ದ ಸಂಘವೇ 1904ರಲ್ಲಿ ಮಹಾಸಂಘವಾಯಿತು. ಅಂದರೆ ಇದು ಮೇಲಿನವರ ಒತ್ತಾಸೆಯಿಂದಲೇ ಬೆಳೆದ ಸಂಸ್ಥೆ.

ಆದರೆ ಅದು ಸುಮ್ನೆ ಕೂರಲಿಲ್ಲ. ಚೀನೀ ಕೂಲಿಕಾರರನ್ನು ಒಳಗೆ ಬಿಡದ ಅಮೆರಿಕದ ಕಾನೂನಿಗೆ ಸಿಟ್ಟಾಗಿ, ಅಮೆರಿಕದ ಸರಕು ಕೊಳ್ಳಬೇಡಿ ಅಂತ 1905ರಲ್ಲಿ ಕರೆ ಕೊಟ್ಟಿತು. ಆಗಸ್ಟ್ ಕೊನೆಗೆ ಆಸ್ಥಾನವೇ ಆಜ್ಞೆ ಹೊರಡಿಸಿ ಅದನ್ನು ತಡೆಯಬೇಕಾಯಿತು. 1911ರ ಕ್ರಾಂತಿಯಲ್ಲಿ ಶಾಂಘೈ ವರ್ತಕರ ದುಡ್ಡೂ ಅವರ ಸ್ವಯಂಸೇವಕ ಪಡೆಯೂ ಚಿಂಗ್ ವಿರೋಧಿಗಳ ಕಡೆ ನಿಂತವು.

ನನಗೆ ತುಂಬ ಕುತೂಹಲದ ಜಗಳ 1914ರದ್ದು. ಕ್ರಾಂತಿಯ ಮೇಲೆ ಅಧ್ಯಕ್ಷನಾಗಿದ್ದ ಯುವಾನ್ ಶಿಕಾಯ್ ಸರ್ಕಾರದ ಹೊಸ ಕಾನೂನಿನಲ್ಲಿ ಶಾಂಘೈಯಂಥ ದೊಡ್ಡ ಪಟ್ಟಣಗಳ ಮಹಾಸಂಘಗಳಿಗೆ ಜಾಗವೇ ಇರಲಿಲ್ಲ. ಜೊತೆಗೆ ಪತ್ರ ಬರೆಯುವ ರೀತಿಯ ತಕರಾರು. ಅಧಿಕಾರಿಗಳಿಗೆ ಸರಿಸಮಾನರಾಗಿ ಬರೆಯಬೇಕೋ, ಕೈಮುಗಿದು ಅರ್ಜಿ ಹಾಕಬೇಕೋ? ಹೊರಗಿನವರಿಗೆ ಚಿಲ್ಲರೆ ವಿಷಯ ಅನ್ನಿಸಬಹುದು. ವರ್ತಕರಿಗೆ ಅದೇ ಮುಖ್ಯವಾಗಿತ್ತು. ಅವರು ಪಟ್ಟು ಬಿಡಲಿಲ್ಲ, 1915ರ ಕೊನೆಗೆ ಕಾನೂನು ತಿದ್ದಲಾಯಿತು. ಅದೇ ಹೊತ್ತಿಗೆ ಸೂಚೌ ತೊರೆಯ ದಡದಲ್ಲಿ, ತಿಯೆನ್‌ಹೌ ದೇವಿಯ ಗುಡಿಯ ಜಾಗದಲ್ಲಿ, ಶಾಂಘೈ ಸಂಘದ ದೊಡ್ಡ ಕಟ್ಟಡ ಏಳುತ್ತಿತ್ತು. ಈಗ ಅದೇ ಕಟ್ಟಡ ಒಂದು ಐಷಾರಾಮಿ ಹೋಟೆಲಿನ ಭಾಗ.

ಕ್ಯಾಂಟನ್ ವರ್ತಕರು ಇನ್ನೂ ಮುಂದೆ ಹೋದರು. ತಮ್ಮದೇ ಪಡೆಗೆ ನಾರ್ವೆಯ ಹಡಗಿನಲ್ಲಿ ಬಂದೂಕು ತರಿಸಿದರು. 1924ರ ಆಗಸ್ಟ್‌ನಲ್ಲಿ ಕ್ಯಾಂಟನ್ನಿನಲ್ಲಿದ್ದ, ಕುವೊಮಿನ್‌ಟಾಂಗ್ ಪಕ್ಷದ ನಾಯಕ ಸುನ್ ಯಾತ್ ಸೆನ್ ಸರ್ಕಾರ ಅದನ್ನು ಹಿಡಿಯಿತು. ಅಕ್ಟೋಬರ್‌ನಲ್ಲಿ ಗುಂಡು ಹಾರಿತು, ವ್ಯಾಪಾರಿಗಳ ಪೇಟೆ ಶಿಗ್ವಾನ್ ಹೊತ್ತಿ ಉರಿಯಿತು.

ಮೂರೇ ವರ್ಷದಲ್ಲಿ ಶಾಂಘೈ ಸಾಹುಕಾರರು ಕಾರ್ಮಿಕರ ಮುಷ್ಕರಕ್ಕೆ ಹೆದರಿ ಅದೇ ಪಕ್ಷದ ಸೇನಾಪತಿ ಚಿಯಾಂಗ್ ಕೈ ಶೇಕ್‌ಗೆ ಹಣ ಕೊಟ್ಟರು. ಕೊಟ್ಟವರೇ ಆಮೇಲೆ ಪೇಚಿಗೆ ಸಿಕ್ಕರು. 1927ರ ಮೇನಲ್ಲಿ ಚಿಯಾಂಗ್ ಸರ್ಕಾರದ 3 ಕೋಟಿ ಯುವಾನ್ ಸಾಲಪತ್ರ ಬಂತು, ಇಷ್ಟಿಷ್ಟು ಕೊಳ್ಳಲೇಬೇಕು ಅಂತ ತಾಕೀತು. ಸಿರಿವಂತರನ್ನೂ ಅವರ ಮಕ್ಕಳನ್ನೂ ಹಿಡಿದು, ದುಡ್ಡು ಬಂದ ಮೇಲೆ ಬಿಡುತ್ತಿದ್ದರು ಅಂತ ಆಗಿನ ವಿದೇಶಿಯರ ವರದಿಗಳು ಹೇಳುತ್ತವೆ. ಮಹಾಸಂಘದ ಅಧ್ಯಕ್ಷರ ಬಂಧನಕ್ಕೇ ಆಜ್ಞೆ ಹೊರಟಿತು. 1929ರ ಕಾನೂನಿನ ಮೇಲೆ ಸಂಘವನ್ನು ಕುವೊಮಿನ್‌ಟಾಂಗ್ ಪಕ್ಷದ ಅಂಕೆಯಲ್ಲಿ ಮತ್ತೆ ಕಟ್ಟಲಾಯಿತು. ಕಮ್ಯುನಿಸ್ಟರು ಬರುವ 20 ವರ್ಷ ಮೊದಲೇ ನಡೆದದ್ದು ಇದು!

ಉಳಿದದ್ದು ಬೇಗ ಹೇಳಬಹುದು. 1953ರಲ್ಲಿ ಅಖಿಲ ಚೀನಾ ಉದ್ಯಮ ಮತ್ತು ವಾಣಿಜ್ಯ ಒಕ್ಕೂಟ ಬಂತು. 1956ರಲ್ಲಿ ಖಾಸಗಿ ಅಂಗಡಿ, ಕಾರ್ಖಾನೆಗಳು ಸರ್ಕಾರದ ಪಾಲಾದವು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಒಕ್ಕೂಟದ ಬಾಗಿಲು ಮುಚ್ಚಿತು, 1970ರ ದಶಕದ ಕೊನೆಗೆ ಮತ್ತೆ ತೆರೆಯಿತು. 1998ರ ನಿಯಮದ ಪ್ರಕಾರ ಸಂಘ ನೋಂದಾಯಿಸಲು ಯಾವುದಾದರೂ ಸರ್ಕಾರಿ ಇಲಾಖೆಯ ಒಪ್ಪಿಗೆಯೂ ಬೇಕಾಯಿತು. ಒಂದು ಪ್ರದೇಶದಲ್ಲಿ ಒಂದೇ ಥರದ ಎರಡು ಸಂಘಕ್ಕೆ ಅವಕಾಶ ಸಿಗುವುದೂ ಕಷ್ಟವಾಯಿತು. 2015ರಲ್ಲಿ ಸಂಘಗಳನ್ನು ಇಲಾಖೆಗಳಿಂದ ಬಿಡಿಸುವ ಯೋಜನೆ ಶುರುವಾಯಿತು. ಹಣ, ಸಿಬ್ಬಂದಿ, ಕಚೇರಿ ಎಲ್ಲ ಬೇರೆ ಬೇರೆ. ಸಂಘದೊಳಗಿನ ಕಮ್ಯುನಿಸ್ಟ್ ಪಕ್ಷದ ಘಟಕ ಮಾತ್ರ ಅಲ್ಲೇ ಇರಬೇಕು ಅಂತ ಅದೇ ಯೋಜನೆಯಲ್ಲಿದೆ.