ಓದುಗರ ಪ್ರಶ್ನೆ: ದೋಣಿ ಯಾಕೆ, ವಿಮಾನ ಹತ್ತಬಹುದಲ್ವಾ?

"ಯುರೋಪಿಗೆ ಹೋಗೋ ನಿರಾಶ್ರಿತರು ದೋಣಿಯವನಿಗೆ ಲಕ್ಷಗಟ್ಟಲೆ ಸುರಿದು ಸಮುದ್ರದಲ್ಲಿ ಯಾಕೆ ಸಾಯ್ತಾರೆ ಸರ್? ಅದೇ ದುಡ್ಡಲ್ಲಿ ವೀಸಾ ಮಾಡಿಸಿ ನೆಟ್ಟಗೆ ವಿಮಾನದಲ್ಲಿ ಹೋಗಬಹುದಲ್ವಾ?"

ಪೂರ್ವ ಬಂಗಾಳದಿಂದ (ಈಗಿನ ಬಾಂಗ್ಲಾದೇಶ) ಬಂದ ನಿರಾಶ್ರಿತರಿಗೆ ನೆಲೆ ಕೊಟ್ಟ ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳ ಬಗ್ಗೆ ಏನೇ ಬರೆದರೂ ಮಾತು ಯುರೋಪಿಗೆ ಹೋಗಿ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ. ಹೇಳಿ ಹೇಳಿ ಸಾಕಾಗಿದೆ. ಇವತ್ತು ಪೂರ್ತಿ ಹೇಳಿಬಿಡುತ್ತೇನೆ.

ಟಿಕೆಟ್ ದುಬಾರಿ ಅಂತ ಯಾರೂ ದೋಣಿ ಹತ್ತುವುದಿಲ್ಲ. ವಿಮಾನದ ಟಿಕೆಟ್ಟೇ ಅಗ್ಗ. ಆದರೆ ಆಶ್ರಯ ಕೇಳಬೇಕಾದರೆ ಮೊದಲು ಆ ದೇಶದ ಗಡಿಗಾದರೂ ಮುಟ್ಟಿರಬೇಕು. ಮುಟ್ಟಲು ವೀಸಾ ಬೇಕು. ಪ್ರವಾಸಿ ವೀಸಾ ಕೇಳಿದರೆ, "ಊರಿಗೆ ವಾಪಸ್ ಹೋಗ್ತೀಯ ಅನ್ನೋದಕ್ಕೆ ದಾಖಲೆ ಕೊಡು" ಅನ್ನುತ್ತಾರೆ. ಮನೆ ಮೇಲೆ ಬಾಂಬ್ ಬಿದ್ದು ಓಡಿಬಂದವನು ಯಾವ ದಾಖಲೆ ಕೊಟ್ಟಾನು?

ವೀಸಾ ಇಲ್ಲದೆ ವಿಮಾನ ಹತ್ತಲು ಬಿಡುವುದೂ ಇಲ್ಲ. ಯುರೋಪಿಯನ್ ಒಕ್ಕೂಟದ 2001ರ ನಿಯಮದ ಪ್ರಕಾರ, ಕಾಗದಪತ್ರ ಇಲ್ಲದವರನ್ನು ಕರೆತಂದರೆ ವಿಮಾನ ಕಂಪನಿಗೆ ತಲೆಗೆ ಸಾವಿರಾರು ಯೂರೋ ದಂಡ. ವಾಪಸ್ ಕಳಿಸುವ ಖರ್ಚೂ ಅದರದೇ. ಹೀಗಾಗಿ ಗಡಿ ಯುರೋಪಿನಲ್ಲಿಲ್ಲ. ಹೊರಟವರದೇ ಊರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿದೆ. ಆ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ದೋಣಿ. 2023ರ ಜೂನ್ 14ರಂದು ಗ್ರೀಸ್ ಹತ್ತಿರ ಮುಳುಗಿದ ದೋಣಿಯಲ್ಲಿ ಸುಮಾರು 750 ಜನ ಇದ್ದರು. ಬದುಕಿದವರು 104.

"ಕದ್ದು ಬಂದದ್ದು ತಪ್ಪಲ್ವಾ" ಅನ್ನುವವರಿಗೂ ಒಂದು ಮಾತು. ಜೀವಭಯದಿಂದ ನೇರವಾಗಿ ಬಂದು, ಕೂಡಲೇ ಅಧಿಕಾರಿಗಳ ಮುಂದೆ ನಿಂತವರನ್ನು ಕಾಗದ ಇಲ್ಲ ಅಂತ ಶಿಕ್ಷಿಸಬಾರದು ಎಂದು 1951ರ ನಿರಾಶ್ರಿತರ ಒಪ್ಪಂದದ 31ನೇ ವಿಧಿಯೇ ಹೇಳುತ್ತದೆ. ನಮ್ಮ ದೇಶ ಅದಕ್ಕೆ ಸಹಿ ಹಾಕಿಲ್ಲ. ಆದರೂ 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ಜನ ಬಂದಾಗ ಗಡಿ ತೆರೆದೇ ಇತ್ತು. ಅವರಲ್ಲಿ ಬಹಳ ಮಂದಿ ನಡೆದುಕೊಂಡೇ ಬಂದರು.

ಯಾರೂ ಕೇಳದ ಪ್ರಶ್ನೆ ಒಂದಿದೆ: ಸತ್ತವರ ಗುರುತು ಹಿಡಿಯುವವರು ಯಾರು? 2015ರ ಏಪ್ರಿಲ್‌ನಲ್ಲಿ ಮುಳುಗಿದ ಒಂದು ದೋಣಿಯನ್ನು ಮರುವರ್ಷ ಇಟಲಿಯವರು ಮೇಲೆತ್ತಿದರು. ಮಿಲಾನಿನ ವೈದ್ಯೆ ಕ್ರಿಸ್ಟಿನಾ ಕತ್ತಾನಿಯೋ ಅವರ ತಂಡ ಶವಗಳನ್ನು ಪರೀಕ್ಷಿಸಿತು. ಮಾಲಿ ದೇಶದ ಹುಡುಗನೊಬ್ಬ, ಸುಮಾರು 14 ವರ್ಷದವನು, ಶಾಲೆಯ ಅಂಕಪಟ್ಟಿಯನ್ನು ಬಟ್ಟೆಯೊಳಗೆ ಇಟ್ಟು ಹೊಲಿಸಿಕೊಂಡಿದ್ದ. ತಾನು ಓದುವ ಹುಡುಗ ಅಂತ ತೋರಿಸಲು ಅವನ ಹತ್ತಿರ ಇದ್ದ ದಾಖಲೆ ಅದು.

ಗುರುತು ಸಿಗದಿದ್ದರೆ ಮರಣ ಪತ್ರ ಇಲ್ಲ. ಅದಿಲ್ಲದೆ ಪೌತಿ ಖಾತೆ ಮಾಡಿಸಲು ನಾಡಕಚೇರಿಗೆ ಅಲೆದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ದೋಣಿಯಲ್ಲಿ ಸತ್ತವರ ಹೆಂಡಂದಿರೂ ಹಾಗೇ ವರ್ಷಗಟ್ಟಲೆ ಅಲೆಯುತ್ತಿದ್ದಾರೆ.